ದೀಪಾ ಹಚ್ಚೂ ಹೊತ್ತಿನ ಬಾಗಲಾ

ಇವತ್ತ ಮುಂಜಾನೆ ಓಣ್ಯಾಗ ಕಲಾಯಿ ಮಾಡಾವ ಬಂದಿದ್ದ. ಕಾಯ್ದ ಹಂಡೇದಾಗ ನವಸಾಗರದ ಪುಡಿ ಒಗದ ಕೂಡ್ಲೆ ಭುಸ್ಸಂತ ಬಿಳಿ ಹೊಗಿ ಎದ್ದು ಮೂಗಿಗೆ ಬಡೀತು. "ಒಳಗ ಬರ್ರಿ ಮಾವಾರ, ಕಣ್ಣ ಉರೀತಾವು" ಅಂದ್ಲು ಸೊಸಿ. ನಾ ಕದಲಲಿಲ್ಲ. ನೀರು ಹೆಪ್ಪುಗಟ್ಟಿಸಿ ಬರ್ಫ ಮಾಡೂ ನಮ್ಮ ಕಾರ್ಖಾನ್ಯಾಗ ಯಂತ್ರದ ಪೈಪಿನೊಳಗ ಹರಿಯೂ ಗ್ಯಾಸಿಗೂ ಇದೇ ವಾಸನಿ ಇತ್ತು. ಆ ವಾಸನಿ ಬಂತಂದ್ರ ನಮ್ಮ ಮಿಸ್ತ್ರಿ ಬಂದ ಅಂತನ…

ಎರಡನೇ ಮಹಾಯುದ್ಧಕ್ಕ ಎರಡು-ಮೂರು ವರ್ಷ ಮೊದಲ ನಮ್ಮಪ್ಪ ಗೋಕಾಕದಾಗ ಆ ಕಾರ್ಖಾನಿ ಹಾಕಿದ. ಹುಕ್ಕೇರಿಯ ಮಿಸ್ತ್ರಿ ಮುಂಬೈದಾಗ ಇಂಥಾ ಯಂತ್ರದ ಮ್ಯಾಲ ದುಡದು ಬಂದಾವ. ಬುನಾದಿ ತೋಡೂ ಮೊದಲ ಅಪ್ಪನ ಮುಂದ ಕುಂತು ಹೇಳಿದ: "ಸಾವ್ಕಾರ್ರ, ಯಂತ್ರ ಸಣ್ಣದು ತರ್ರಿ, ಬರ್ಫ ಇಡೂ ಕೋಣಿ ಗ್ವಾಡಿ ದಪ್ಪ ಕಟ್ಟರಿ. ಎರಡು ಗ್ವಾಡಿ, ನಡುವ ಭತ್ತದ ಹೊಟ್ಟು. ಬಿಸಿ ಪೈಪು ಬಾವಿ ಬಾಜೂ ನೆರಳಾಗಿರ್ಲಿ. ಯಂತ್ರ ಒಮ್ಮೆ ಕೊಳ್ಳೂದು, ಎಣ್ಣಿ ದಿನಾ ಸುಡೂದ್ರಿ."

ಅಪ್ಪ ಕೇಳಬೇಕಲ್ಲ! ಪ್ಯಾಟಿತನಕಾ ಸಪ್ಪಳ ಕೇಳೂವಂಥಾ ಇಂಜಿನ್ ತಂದ. ಗ್ವಾಡಿ ಮಾತ್ರ ಒಂದ, ಅದೂ ತೆಳ್ಳಂದು. ಹೋಗಿ ಬರೂ ಮಂದಿ ನೋಡ್ಲಿ ಅಂತ ಪೈಪೆಲ್ಲಾ ರಸ್ತೆ ಕಡೆ, ಪಡುವಣ ಬಿಸಲಿಗೆ ಹಚ್ಚಿಸಿದ. ಮಿಸ್ತ್ರಿ ತಲಿ ತಲಿ ಬಡಕೊಂಡ.

ಅವನ ಗೊಣಗಾಟ ಕೇಳಿ ಕೇಳಿ ನನಗೂ ಸಾಕಾಗಿತ್ತು, ಖರೆ ಹೇಳ್ತೀನಿ. ಊಟಕ್ಕ ಕುಂತ್ರ ಗ್ವಾಡಿ, ಚಾ ಕುಡ್ಯಾಕ ಕುಂತ್ರ ಗ್ವಾಡಿ. ನಿನಗ ಬ್ಯಾರೆ ಮಾತ ಇಲ್ಲೇನೋ ಅಂತ ಬೈದ್ರ, ನನ್ನ ಕೈ ಹಿಡದು ಕೋಣಿ ಗ್ವಾಡಿ ಹೊರಮೈ ಮುಟ್ಟಿಸ್ತಿದ್ದ. ತಣ್ಣಗ, ಹಸಿಹಸಿ ಇರ್ತಿತ್ತು. "ನಿಮ್ಮ ಎಣ್ಣಿ ಇಲ್ಲಿಂದ ಹೊಂಟೈತ್ರಿ ಸಣ್ಣ ಸಾವ್ಕಾರ್ರ" ಅಂತಿದ್ದ.

ಎಲ್ಲಾಕಿಂತ ದೊಡ್ಡ ತಲಿನೋವು ಬಾಗಲದ್ದು. ದೀಪಾ ಹಚ್ಚೂ ಹೊತ್ತಿಗೆ ಬಾಗಲಾ ಹಾಕಿದ್ರ ಲಕ್ಷ್ಮಿ ತಿರುಗಿ ಹೋಗ್ತಾಳಂತ ನಮ್ಮ ಮನ್ಯಾಗ ನಂಬಿಕಿ. ಮನಿಗೆ ಆತು, ಇರ್ಲಿ. ಅಪ್ಪ ಅದನ್ನ ಬರ್ಫಿನ ಕೋಣಿಗೂ ಹಚ್ಚಿದ! ದಿನಾ ಸಂಜಿಕೆ ಬಾಗಲಾ ಪೂರಾ ತಗದು, ಹೊಸ್ತಲದ ಮ್ಯಾಲ ದೀಪಾ ಇಟ್ಟು, ಅದು ತಾನಾಗಿ ಆರೂತನಕಾ ಹಾಕಗೊಡ್ತಿರಲಿಲ್ಲ. ದಿನವಿಡೀ ಕೂಡಿಸಿದ ಥಂಡಿ ಎಲ್ಲಾ ಬೀದಿ ಪಾಲು. ಓಣಿ ನಾಯಿಗೋಳು ಆ ಹೊತ್ತಿಗೆ ಸರಿಯಾಗಿ ಬಂದು ಬಾಗಲದಾಗ ಅಡ್ಡಾಗ್ತಿದ್ವು. ಹೋದ ಥಂಡಿ ತಿರುಗಿ ತರಾಕ ಇಂಜಿನ್ ಮತ್ತ ನರಳಬೇಕು.

ಯುದ್ಧ ಬಂತು. ಎಣ್ಣಿ ಅಳತಿ ಮ್ಯಾಲ ಕೊಡಾಕ ಶುರು ಮಾಡಿದ್ರು. ತಿಂಗಳದ ಎಣ್ಣಿ ಇಪ್ಪತ್ತು ದಿನಕ್ಕ ಖಾಲಿ. ಬರೂ ಅಮಾಸಿ ದಾಟಿದ್ರ ಕಾರ್ಖಾನಿಗೆ ಕೀಲಿ ಹಾಕ್ತೀನಿ ಅಂದ ಅಪ್ಪ. ಮಿಸ್ತ್ರಿ ಕೈ ಮುಗದು ನಿಂತ: "ಒಳಗ ಇನ್ನೊಂದು ಬಾಗಲಾ ಹಚ್ಚೂಣ್ರಿ. ಹೊರಗಿಂದು ತಗದಿಡ್ರಿ, ದೀಪಾ ನಡುವ ಇಡ್ರಿ. ಒಳಗಿಂದು ಮುಚ್ಚಿರ್ಲಿ." ಮುಚ್ಚೂ ಕಾರ್ಖಾನಿಗೆ ಹೊಸಾ ಬಾಗಲಾ ಬ್ಯಾರೆ ಕೇಡು ಅಂತ ಅಪ್ಪ ಎದ್ದು ಹ್ವಾದ. ಎರಡು ಮಕ್ಕಳ ತಂದಿ ನಾನು, ಅಪ್ಪನ ಬೆನ್ನ ಹತ್ತಿ ಹೊಂಟೆ. ಥೂ.

ನಾಕು ದಿನಕ್ಕ ಹುಕ್ಕೇರಿಯಿಂದ ಒಂದು ಚಕ್ಕಡಿ ಬಂತು. ಅದರಾಗ ಸಾಗವಾನಿ ಬಾಗಲಾ, ಮ್ಯಾಲ ಕುದುರಿ ಲಾಳ ಬಡದದ್ದು. ಹಿಂದ ಮಿಸ್ತ್ರಿ.

"ಇದು ನಿನ್ನ ಮನಿ ಬಾಗಲಾ ಅಲ್ಲೇನೋ?" ಅಂದೆ.

"ಹೌದ್ರಿ. ಮನಿಗೆ ತಟ್ಟಿನ ಪರದೆ ಸಾಕು, ಈ ಕೋಣಿಗೆ ಸಾಲೂದಿಲ್ರಿ."

ಅದಕ್ಕ ಹಲಗಿ ಬಡದು, ನಡುವ ಹೊಟ್ಟು ತುಂಬಿ, ಒಳಗ ನಿಲ್ಲಿಸಿದ. ಪೈಪಿನ ಮ್ಯಾಲ ಕಬ್ಬಿನ ರವದಿ ಹೊಚ್ಚಿ ನೆರಳ ಮಾಡಿದ. ಆ ತಿಂಗಳ ಎಣ್ಣಿ ಕಡೀತನಕಾ ಬಂದು, ಇನ್ನೂ ಒಂದು ಡಬ್ಬಿ ಉಳೀತು. ಅಪ್ಪ ಸಂಜಿಕೆ ತಾನ ಹೋಗಿ ಎರಡು ಬಾಗಲದ ನಡುವ ದೀಪಾ ಇಟ್ಟು ಬಂದ. ಕಾರ್ಖಾನಿ ಉಳೀತು.

ಬರೂ ತಿಂಗಳ ನಿನಗ ಹೊಸಾ ಬಾಗಲಾ ಮಾಡಸ್ತೀನಿ ಅಂತ ನಾ ಮಿಸ್ತ್ರಿಗೆ ಮಾತು ಕೊಟ್ಟೆ. ಬರೂ ತಿಂಗಳ… ಮತ್ತ ಬರೂ ತಿಂಗಳ… ಒಮ್ಮೆ ಮಮದಾಪುರದ ಬಡಗ್ಯಾ ಸಿಗಲಿಲ್ಲ, ಒಮ್ಮೆ ಕಟಗಿ ತುಟ್ಟಿ. ಹಿಂಗ ಎರಡು ವರ್ಷ ಹೋತು. ಗ್ವಾಡಿ ಗ್ವಾಡಿ ಅಂತ ನನ್ನ ತಲಿ ತಿಂದ ಮನಶ್ಯಾ, ತನ್ನ ಬಾಗಲದ ಬಗ್ಗೆ ಒಮ್ಮೆರೆ ಬಾಯಿ ಬಿಡಬಾರದೇನು? ಇದಕ್ಕ ನನಗ ಇವತ್ತಿಗೂ ಸಿಟ್ಟು ಬರ್ತೈತಿ.

ಒಂದು ಚಳಿಗಾಲದಾಗ ಜ್ವರ ಬಂದು ಅಂವ ತೀರಿಕೊಂಡ. ಹುಕ್ಕೇರಿಗೆ ಹೋದೆ. ತಟ್ಟು ಎತ್ತಿ ಒಳಗ ಕಾಲಿಟ್ಟೆ. ಅವನ ಮುದಿ ತಾಯಿ ಗ್ವಾಡಿಗೆ ಒರಗಿ ಕುಂತಿದ್ಲು. ನಾಳೇನ ನಿಮ್ಮ ಬಾಗಲಾ ಕಳಸ್ತೀನವ್ವಾ ಅಂದೆ.

"ಬ್ಯಾಡೋ ಯಪ್ಪಾ," ಅಂದ್ಲು ಮುದುಕಿ. "ಅದನ್ನ ಕೇಳಬ್ಯಾಡ್ರಿ ಅಂತ ಹೇಳಿ ಹೋಗ್ಯಾನ. ತಗದ್ರ ಒಳಗಿನ ಥಂಡಿ ಹೋಗ್ತೈತಂತ."

ಅಕಿ ಮಾತಾಡೂದ್ರಾಗ ಗಾಳಿಗೆ ತಟ್ಟು ಹಾರಿ ಹಾರಿ ಬೀಳಾಕತ್ತಿತ್ತು.

ಹೊಸಾ ಬಾಗಲಾ ಮಾಡಿಸಿ ಹೇರಿಕೊಂಡು ಹೋಗೂದ್ರಾಗ ಆ ಮನಿ ಮಂದಿ ಊರ ಬಿಟ್ಟಿದ್ರು. ಎಲ್ಲಿಗಂತ ಯಾರಿಗೂ ಗೊತ್ತಿರಲಿಲ್ಲ. ಮುಂದ ಕಾರ್ಖಾನಿನೂ ಮುಚ್ಚಿತು, ಅಪ್ಪನೂ ಹ್ವಾದ. ಲಾಳದ ಆ ಬಾಗಲಾ ಈಗ ನನ್ನ ಕೋಣಿಗೆ ಐತಿ. ದೀಪಾ ಹಚ್ಚೂ ಹೊತ್ತಿಗೆ ಸೊಸಿ ಮನಿ ಬಾಗಲಾ ಎಲ್ಲಾ ತಗೀತಾಳ. ಅದೊಂದನ್ನ ನಾ ಎದ್ದು ಹೋಗಿ ಹಾಕ್ತೀನಿ. ಮುದುಕರ ಹಠಾ ಅಂತಾಳ. ತಗದ್ರ ಒಳಗಿನ ಥಂಡಿ ಹೋಗ್ತೈತಿ…