ಅಂಗಳದಲ್ಲಿ ಒಡೆದ ಸೆಗಣಿ ಉಂಡೆ

ನನ್ನ ಸೋದರತ್ತೆ ಸಾಯುವ ತನಕ ತಾನೇ ಕಳ್ಳಿ ಎಂದು ಹೇಳುತ್ತಿದ್ದಳು. ಊರಲ್ಲಿ ಯಾರಾದರೂ ನಂಬಿದರೆ ತಾನೆ? ಹಾಗೆ ಅಂದಷ್ಟೂ ಜನ ಅವಳ ಕಾಲಿಗೆ ಬೀಳುತ್ತಿದ್ದರು. ಈಗಲೂ ಸೆಗಣಿ ಸಾರಿಸಿದ ಹಸಿ ನೆಲದ ವಾಸನೆ ಬಂದರೆ ನನಗೆ ಆ ದಿನದ ಅಂಗಳ ಕಣ್ಣಮುಂದೆ ಬರುತ್ತದೆ.

ತೆಲುಗು ಸೀಮೆಯ ಅಂಚಿನ ಪೆದ್ದಕಡುಬೂರಿನ ಆಚೆ, ಹತ್ತಿ ಹೊಲಗಳ ನಡುವೆ ನಮ್ಮೂರು. ಊರ ಹೊರಗೆ ಕೊರವರ ಗುಡಿಸಲುಗಳು. ಬುಟ್ಟಿ, ಮೊರ ಹೆಣೆದು ಬದುಕುವ ಜನ. ಅವರ ಹುಡುಗನಿಗೆ ಮೀಸೆ ಚಿಗುರಿತೆಂದರೆ ಮುಗಿಯಿತು, ದಿನಾ ಸಂಜೆ ಚಾವಡಿಗೆ ಬಂದು ಮುಖ ತೋರಿಸಬೇಕು. ಹುಟ್ಟಿನಿಂದಲೇ ಕಳ್ಳರೆಂದು ಹಿಂದಿನ ಬ್ರಿಟಿಷ್ ಸರಕಾರ ಠರಾಯಿಸಿದ ಜಾತಿ ಅದು. ಐವತ್ತರ ದಶಕದಲ್ಲಿ ಆ ಕಾಯ್ದೆ ರದ್ದಾಯಿತಂತೆ. ನಮ್ಮೂರ ಚಾವಡಿಗೆ ಮಾತ್ರ ಆ ಸುದ್ದಿ ಬರಲಿಲ್ಲ. ಹೆಂಗಸರಿಗೆ, ಮಕ್ಕಳಿಗೆ, ಮುದುಕರಿಗೆ ಹಾಜರಿ ಇರಲಿಲ್ಲ. ಕಳ್ಳತನ ಮೀಸೆಯ ಜೊತೆ ಹುಟ್ಟುತ್ತದೆ ಎಂಬುದು ಊರ ಹಿರಿಯರ ಲೆಕ್ಕಾಚಾರ. ಅವರ ಲೆಕ್ಕಾಚಾರಕ್ಕೆ ಬೆಂಕಿ ಹಾಕ.

ನನಗಾಗ ಹತ್ತೋ ಹನ್ನೊಂದೋ ವರ್ಷ. ಆ ಸುಗ್ಗಿಯಲ್ಲಿ ನಮ್ಮ ಮನೆಯ ಜೋಳದ ಕಣಜ ಹೆಣೆಯಲು ಕೊರವರ ಗಂಡಸರು ಬಂದಿದ್ದರು. ಅವರ ಕೆಲಸ ಮುಗಿದ ಮಾರನೆಯ ದಿನ ಅವ್ವನ ಬೋರಮಾಳ ಕಾಣೆಯಾಯಿತು. ಆ ಬಂಗಾರದ ಮಣಿಸರ ಮೊದಲು ಅತ್ತೆಯದೇ. ಅತ್ತೆ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಾಗ ಹಿರಿಯರು ಅದನ್ನು ಅವಳ ಕೊರಳಿಂದ ಬಿಚ್ಚಿಸಿ, ಮುಂದೆ ಅವ್ವನ ಮದುವೆಯಲ್ಲಿ ಅವ್ವನ ಕೊರಳಿಗೆ ಹಾಕಿದ್ದರು. ಅತ್ತೆ ದಿನಾ ಎದುರಿಗೇ ಅದನ್ನು ನೋಡುತ್ತಾ ರೊಟ್ಟಿ ಬಡಿಯುತ್ತಿದ್ದಳು.

ನಮ್ಮಲ್ಲಿ ಒಡವೆ ಕಳೆದರೆ ಒಂದು ಪದ್ಧತಿ ಇತ್ತು. ಮನೆಯಲ್ಲಿದ್ದ ಎಲ್ಲರೂ ಒಂದೊಂದು ಸೆಗಣಿ ಉಂಡೆ ಹಿಡಿದು, ಒಬ್ಬೊಬ್ಬರಾಗಿ ಕತ್ತಲ ಒಳಮನೆಗೆ ಹೋಗಿ ಗಡಿಗೆಗೆ ಹಾಕಿ ಬರಬೇಕು. ಕದ್ದವರು ವಸ್ತುವನ್ನು ಉಂಡೆಯೊಳಗೆ ಇಟ್ಟುಬಿಡಬಹುದು. ಆಮೇಲೆ ನೀರು ಹಾಕಿ ಕಲಸಿದರೆ ವಸ್ತು ಸಿಗುತ್ತದೆ, ಯಾರು ಎಂದು ಯಾರೂ ಕೇಳುವುದಿಲ್ಲ. ತಾತನ ಬೆಳ್ಳಿಯ ಸುಣ್ಣದ ಡಬ್ಬಿ ಹಾಗೇ ವಾಪಸು ಬಂದಿತ್ತು. ಕದ್ದವರು ಅದೇ ಮನೆಯಲ್ಲಿ ಉಂಡು ಬಾಳಿದರು.

ಆ ಸಲ ಅಪ್ಪ ಅಂದ: "ಹೆಂಗಸರು, ಹುಡುಗರು ಯಾಕ? ಕಣಜಕ್ಕ ಬಂದ ಗಂಡಸರು ಹಾಕಲಿ, ಸಾಕು."

ಉಂಡೆ ಕಟ್ಟಿದವಳು ಅತ್ತೆ. ದಿನಾ ಸೆಗಣಿಯ ಕುಳ್ಳು ತಟ್ಟುತ್ತಿದ್ದವಳು ಅವಳೇ ಅಲ್ಲವೆ. ಹಿತ್ತಲಲ್ಲಿ ಕೂತು ಕಟ್ಟಿ, ಬುಟ್ಟಿಯಲ್ಲಿಟ್ಟು ಅಂಗಳಕ್ಕೆ ಕಳಿಸಿದಳು. ಒಂದರೊಳಗೆ ಬೋರಮಾಳ ಇಟ್ಟಿದ್ದಳು. ಕತ್ತಲ ಕೋಣೆ ಯಾರನ್ನೂ ತೋರಿಸಿಕೊಡುವುದಿಲ್ಲ, ಸರವೂ ಬರುತ್ತದೆ, ಕೊರವರೂ ಉಳಿಯುತ್ತಾರೆ ಎಂದುಕೊಂಡಳು ಪಾಪ. ಕೊರವರನ್ನು ನಮ್ಮ ಒಳಮನೆಯ ಹೊಸ್ತಿಲು ದಾಟಿಸುವುದಿಲ್ಲ ಎಂಬುದು ಅವಳಿಗೆ ಆ ಹೊತ್ತಿನಲ್ಲಿ ಹೊಳೆಯಲೇ ಇಲ್ಲ.

"ಈ ಮಂದಿನ್ನ ಒಳಗ ಬಿಡ್ತಾರೇನು? ಇಲ್ಲೇ, ನಮ್ಮ ಕಣ್ಣಮುಂದ ಒಡೀರಿ" ಅಂದ ಅಪ್ಪ. ಒಬ್ಬೊಬ್ಬನೂ ಬುಟ್ಟಿಯಿಂದ ಉಂಡೆ ತೆಗೆದುಕೊಂಡು ಒಡೆದ. ಎಲ್ಲರಿಗಿಂತ ಚಿಕ್ಕವನು, ಆಗಷ್ಟೇ ಮೀಸೆ ಮೂಡಿದವನು, ತನ್ನ ಉಂಡೆ ಒಡೆದಾಗ ಬಂಗಾರದ ಮಣಿಗಳು ಅವನ ಬೆರಳಿಗೆ ಸಿಕ್ಕಿಕೊಂಡವು. ಅವನು ಅವುಗಳನ್ನು ನೋಡುತ್ತಾ ಹಾಗೇ ನಿಂತ. ನಮ್ಮ ಮನೆಗೆ ಮೊರ ಮಾರಲು ಬರುತ್ತಿದ್ದ ಅವನ ತಾಯಿ ಬೇಲಿಯ ಆಚೆಯಿಂದ, "ನಾ ಕೊಡುಕು ಅಲಾಂಟಿವಾಡು ಕಾದಯ್ಯಾ, ನನ್ನ ಮಗ ಅಂಥಾವ ಅಲ್ಲ" ಎಂದು ತೆಲುಗು, ಕನ್ನಡ ಎರಡರಲ್ಲೂ ಬೇಡಿಕೊಂಡಳು.

ಆಗ ಅತ್ತೆ ಹೊರಗೆ ಬಂದಳು. ಗಂಡಸರ ಎದುರು ಎಂದೂ ಬಾರದವಳು ಸೆರಗು ಹೊದ್ದು ಹೊಸ್ತಿಲ ಮೇಲೆ ನಿಂತು, "ಅಣ್ಣಾ, ಅದನ್ನ ತಗೊಂಡಾಕಿ ನಾನು. ಉಂಡ್ಯಾಗ ಇಟ್ಟಾಕಿನೂ ನಾನು. ಆ ಹುಡುಗನ್ನ ಬಿಡು" ಅಂದಳು.

ಅಪ್ಪನ ದನಿ ಮೆತ್ತಗಾಯಿತು. "ಒಳಗ ಹೋಗವ್ವ. ನಿನ್ನ ಕರುಳು ನನಗ ಗೊತ್ತೈತಿ."

"ಉರುಕುಂದ ಈರಣ್ಣನ ಆಣಿ, ನಾನೇ."

"ಕೊರವನ ಸಲುವಾಗಿ ದೇವ್ರ ಮ್ಯಾಲ ಸುಳ್ಳ ಆಣಿ ಇಡಬ್ಯಾಡ" ಎಂದು ಅಪ್ಪ ಕಣ್ಣು ಒರೆಸಿಕೊಂಡ. ಚಾವಡಿಯ ಹಿರಿಯರು ಕೈ ಮುಗಿದರು. ದೊಡ್ಡ ಮನೆತನದ ವಿಧವೆ, ನಡುವಯಸ್ಸಿನಾಕೆ, ಕದಿಯುವುದುಂಟೆ? ಹುಡುಗನನ್ನು ಪೊಲೀಸರಿಗೆ ಒಪ್ಪಿಸಿದರು, ಅವನಿಗೆ ಜೈಲಾಯಿತು. ಅತ್ತೆಗೆ ಧರ್ಮಾತ್ಮಳೆಂಬ ಹೆಸರಾಯಿತು. ಅಕ್ಕಪಕ್ಕದ ಊರಿನ ಹೆಂಗಸರು ಕೂಸುಗಳನ್ನು ತಂದು ಅವಳ ಮಡಿಲಿಗೆ ಹಾಕಿ ಹೋಗುತ್ತಿದ್ದರು. ನನಗೆ ಇಂದಿಗೂ ಮೈಯೆಲ್ಲ ಉರಿಯುತ್ತದೆ.

ಒಂದು ಮಧ್ಯಾಹ್ನ ಅವ್ವ ಬೋರಮಾಳದ ದಾರ ಬಿಚ್ಚಿ ಮಣಿಗಳನ್ನು ಹೊಸದಾಗಿ ಪೋಣಿಸುತ್ತಿದ್ದಳು. ತೂತುಗಳಲ್ಲಿ ಬೂದಿ ಕೂತಿತ್ತು. "ಒಮ್ಮೆ ಕೊರಳಿಗೆ ಹಾಕ್ಕೊಂಡು ನೋಡಬೇಕು ಅನ್ನಿಸ್ತು. ನೀ ಬಂದಿ, ಹೆದರಿ ಒಲಿಬೂದ್ಯಾಗ ಮುಚ್ಚಿಟ್ಟೆ" ಎಂದು ಅತ್ತೆ ಎಷ್ಟೋ ಸಲ ಅವ್ವನಿಗೆ ಹೇಳಿದ್ದಳು. ಅವ್ವ ಪ್ರತಿಸಲ ಅವಳ ಬಾಯಿ ಮುಚ್ಚಿಸಿದ್ದಳು. ಈಗ ಅವ್ವ ಮಣಿ ಹಿಡಿದು ನನ್ನ ಮುಖ ನೋಡಿದಳು. ಆಮೇಲೆ ಬೂದಿಯನ್ನು ಊದಿ ಹಾರಿಸಿ ಮುಂದಿನ ಮಣಿ ಎತ್ತಿಕೊಂಡಳು.

ಜೈಲು ಮುಗಿಸಿ ಆ ಹುಡುಗ ಬಂದ. ತಲೆ ಬೋಳಿಸಿದ್ದರು, ಕೆನ್ನೆ ಬತ್ತಿತ್ತು. ತಾಯಿ ಜೊತೆಗಿದ್ದಳು, ಕೈಯಲ್ಲಿ ಹೊಸ ಮೊರ. ಅತ್ತೆಯನ್ನು ಕಂಡದ್ದೇ ಅವನು ಅಂಗಳದಲ್ಲಿ ಉದ್ದಕ್ಕೆ ಬಿದ್ದು ನಮಸ್ಕಾರ ಮಾಡಿದ.

"ನನ್ನ ಸಲುವಾಗಿ ದೇವ್ರ ಆಣಿನೂ ಇಟ್ರಿ. ಯಾರ್ ಮಾಡ್ತಾರವ್ವಾ ಇಷ್ಟು?"

"ಸುಳ್ಳಲ್ಲಪಾ. ನಾನೇ ಕದ್ದಾಕಿ. ನಿನಗ ನಾನೇ ಹಿಂಗ ಮಾಡಿದೆ" ಅಂದಳು ಅತ್ತೆ.

ಅವನು ನಕ್ಕ. "ಬಿಡ್ರವ್ವಾ, ನಂದು ಮುಗೀತು. ಇನ್ನ ನೀವ್ಯಾಕ ಕಳ್ಳಿ ಅನ್ನೋ ಹೆಸರು ಹೊತ್ಕೋತೀರಿ?" ತಾಯಿ ಮೊರವನ್ನು ಹೊಸ್ತಿಲ ಬಳಿ ಇಟ್ಟು, ಅತ್ತೆ ಜೋಳ ಕೊಡಲು ಹೋದರೆ ಬೇಡವೆಂದು ಕೈ ಮುಗಿದಳು. ಇಬ್ಬರೂ ಹೊರಟುಹೋದರು.

ಅತ್ತೆ ಮೊರವನ್ನು ತಬ್ಬಿಕೊಂಡು ಹೊಸ್ತಿಲಲ್ಲೇ ಕೂತುಬಿಟ್ಟಳು.

"ಅವನೂ ನಂಬಲಿಲ್ಲಲ್ಲೇ" ಅಂದಳು ನನಗೆ.