ಕರಗದೆ ಅಂಟಿದ ಅಲ್ಯೂಮಿನಿಯಂ

ಗಾವಡಗೆರೆ ಹತ್ತಿರ ನನ್ನ ಕಾರಿನ ಸೈಲೆನ್ಸರ್ ಕಳಚಿ ಬಿತ್ತು. ವೆಲ್ಡಿಂಗ್ ಅಂಗಡಿಯ ಜವರಯ್ಯ ಅದನ್ನು ಬೆಸೆದು, ಸೀಟಿನ ಮೇಲಿದ್ದ ಅಲ್ಯೂಮಿನಿಯಂ ತುಂಡು ಏನೆಂದು ಕೇಳಿದರು. ಲೋಹವನ್ನು ಕರಗಿಸದೆ, ಬರೀ ಉಜ್ಜಿ ಒತ್ತಿ, ಪದರದ ಮೇಲೆ ಪದರ ಕೂರಿಸಿದ್ದು, ಪರೀಕ್ಷೆ ಮಾಡಿ ವರದಿ ಬರೆಯಲು ನಮ್ಮ ಲ್ಯಾಬಿಗೆ ಒಯ್ಯುತ್ತಿದ್ದೇನೆ ಎಂದೆ.

“ಕರಗ್ದೆ ಅಂಟ್ಕಂಡದಾ? ಸುಳ್ಳು ಬುಡಿ ಮೇಡಂ.”

“ಕರಗಿಸಿದರೆ ಒಳಗೆ ಗುಳ್ಳೆ, ಬಿರುಕು ಬರಬಹುದು. ಇದರಲ್ಲಿ ಆ ಭಯ ಕಡಿಮೆ. ಬೇಕಾದರೆ ಹೊಡೆದು ನೋಡಿ” ಎಂದೆ, ಜಂಬದಿಂದ.

ತುಂಡನ್ನು ಮೇಜಿನ ಮೇಲಿನ ಇಕ್ಕಳದಂಥ ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಹೊಡೆದರು. ಏನೂ ಆಗಲಿಲ್ಲ. ನಾನು ನಕ್ಕೆ. ಅವರು ತುಂಡನ್ನು ತಿರುಗಿಸಿ ಇನ್ನೊಂದು ಏಟು ಹಾಕಿದರು. ಪದರ ಬಿಟ್ಟುಕೊಂಡು ಎರಡು ಹೋಳಾಯಿತು.

“ಸೌದೆ ಇದ್ದಂಗದೆ ಕಣ್ರೀ. ಅಡ್ಡ ಹೊಡುದ್ರೆ ಜಗ್ಗಕಿಲ್ಲ, ಉದ್ದುಕ್ಕೆ ಹೊಡುದ್ರೆ ಸೀಳ್ತದೆ.”

ವರದಿಯಲ್ಲಿ ‘ಪದರಗಳ ನಡುವೆ ಬಲ ಕಡಿಮೆ’ ಎಂದು ಬರೆದೆ. ‘ಪರೀಕ್ಷಾ ವಿಧಾನ’ ಎಂಬ ಕಾಲಂ ತುಂಬುವುದಕ್ಕೆ ಮಾತ್ರ ಒಂದು ವಾರ ಹಿಡಿಯಿತು.