ರಕ್ತದ ಬಣ್ಣ ನೋಡಿ ಗುಂಡಿನ ದಾರಿ ಹೇಳುವ ವರ್ನಾ

ಬೆಳಗಿನ ಐದೂವರೆ. ಡ್ರೈ ಫೋರ್ಕ್ ಊರಂಚಿನ ತಗಡಿನ ಶೆಡ್ಡಿನಲ್ಲಿ ವರ್ನಾ ಟ್ರಸ್ಕಾಟ್ ಎಲ್ಕ್ ಎಂಬ ದೊಡ್ಡ ಜಿಂಕೆಯೊಂದರ ಬಲಹೆಗಲಿನ ಮಾಂಸದೊಳಗೆ ಬೆರಳು ತೂರಿಸಿ ತಡಕುತ್ತಿದ್ದಾರೆ. ಅಣಬೆಯಂತೆ ಅರಳಿದ ಗುಂಡೊಂದು ಟಣ್ಣೆಂದು ತಟ್ಟೆಗೆ ಬೀಳುತ್ತದೆ.

"ಎಡಗಡೆಯಿಂದ ಹೊಕ್ಕು, ಎರಡೂ ಶ್ವಾಸಕೋಶ ಸೀಳಿ ಇಲ್ಲಿ ನಿಂತಿದೆ. ಪ್ರಾಣಿ ಐವತ್ತು ಹೆಜ್ಜೆನೂ ಓಡಿರಲ್ಲ. ಹೊಡೆದ್ರೆ ಹೀಗೆ ಹೊಡೀಬೇಕು ನೋಡಿ!" ಐವತ್ತೆಂಟರ ಹೆಂಗಸಿನ ಕಣ್ಣು ಮಿಂಚುತ್ತದೆ.

ಅಮೆರಿಕದ ವಯೋಮಿಂಗಿನ ಈ ಕಣಿವೆಗೆ ಅಕ್ಟೋಬರ್ ಬಂತೆಂದರೆ ಬೇಟೆಯದೇ ಮಾತು. ಕೊಂಬು ಹಿಡಿದು ನಿಂತವರ ಫೋಟೊ ಊರ ಪತ್ರಿಕೆಯಲ್ಲಿ ಬರುತ್ತದೆ. ಅವರು ತಂದದ್ದನ್ನು ಕೊಯ್ದು ಕಟ್ಟಿಕೊಡುವ ವರ್ನಾರ ಫೋಟೊ ಒಮ್ಮೆಯೂ ಬಂದಿಲ್ಲ. ಅವರ ಬಗ್ಗೆ ಬರೆಯಲೆಂದೇ ನಾನು ಬಂದಿದ್ದೇನೆ.

ನಾವು ಮಾತಾಡುತ್ತಿರುವಾಗಲೇ ಹೊರಗೆ ಪಿಕಪ್ ಗಾಡಿ ಕೀರೆಂದು ನಿಲ್ಲುತ್ತದೆ. ಇಳಿದು ಬಂದವನು ಕೋಲ್ಬಿ ರಸ್ಟನ್. ಪಕ್ಕದ ದನ ಸಾಕುವ ಫಾರಂನಲ್ಲಿ ಬೇಲಿ ಕೆಲಸ ಮಾಡುವವನು, ಇಪ್ಪತ್ತಾರು ವಯಸ್ಸು. ನಿನ್ನೆ ಸಂಜೆ ಜೀವನದ ಮೊದಲ ಗಂಡು ಎಲ್ಕ್‌ಗೆ ಗುಂಡು ಹೊಡೆದಿದ್ದಾನೆ. ಅದು ಬೀಳದೆ ಓಡಿಹೋಗಿದೆ.

"ಕತ್ತಲಾಗೋವರೆಗೂ ಹುಡುಕಿದೆ ವರ್ನಾ ಆಂಟಿ. ಸಿಗಲಿಲ್ಲ. ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ. ಇನ್ನು ಕೋವಿ ಮುಟ್ಟಲ್ಲ ನಾನು."

"ಅಳೋದು ಆಮೇಲೆ ಮಾರಾಯ. ಏನು ತಂದಿದ್ದೀಯ ತೋರ್ಸು."

ಕೋಲ್ಬಿ ಕರ್ಚೀಫು ಬಿಚ್ಚುತ್ತಾನೆ. ಗುಂಡು ತಗುಲಿದ ಜಾಗದಲ್ಲಿ ಸಿಕ್ಕ ಒಂದು ಚಿಟಿಕೆ ಕೂದಲು, ಒಣಗಿದ ರಕ್ತ. ವರ್ನಾ ದೀಪದ ಕೆಳಗೆ ಹಿಡಿದು ನೋಡುತ್ತಾರೆ, ಮೂಸುತ್ತಾರೆ.

"ನೊರೆ ಇಲ್ಲ, ಅಂದ್ರೆ ಶ್ವಾಸಕೋಶ ಅಲ್ಲ. ಹಸಿರು ಮೇವಿನ ನಾತ ಇಲ್ಲ, ಕರುಳೂ ಅಲ್ಲ. ಎಷ್ಟು ಕಪ್ಪಗಿದೆ ನೋಡು, ಇದು ಪಿತ್ತಜನಕಾಂಗದ ರಕ್ತ. ಎಷ್ಟು ದೂರದಿಂದ ಹೊಡ್ದೆ?"

"ಐನೂರ ಅರವತ್ತು ಗಜ."

"ಅಯ್ಯೋ ನಿನ್ನ! ಅದು ಯಾವ ಕಡೆ ಮುಖ ಮಾಡಿತ್ತು?"

"ಎಡಕ್ಕೆ."

"ಗಾಳಿ?"

"ಅದೂ ಎಡದಿಂದಲೇ... ಜಾಸ್ತಿ ಏನಿರ್ಲಿಲ್ಲ."

"ಅಷ್ಟು ದೂರಕ್ಕೆ ಅಷ್ಟು ಗಾಳಿ ಸಾಕು, ಗುಂಡನ್ನ ಒಂದು ಗೇಣು ಬಾಲದ ಕಡೆ ತಳ್ಳುತ್ತೆ. ಬೇಗ ಹೊರಡು, ಅದು ಸತ್ತು ಬಿದ್ದಿರುತ್ತೆ. ರಾತ್ರಿ ಹೆಪ್ಪುಗಟ್ಟೋ ಚಳಿ ಇತ್ತು, ಮಾಂಸ ಕೆಟ್ಟಿರಲ್ಲ. ಕರಡಿ ಮುಟ್ಟೋಕೆ ಮುಂಚೆ ನಾವು ಮುಟ್ಬೇಕು!"

ಏಪ್ರನ್ ಕಳಚಿ ಮೊಳೆಗೆ ಸಿಕ್ಕಿಸಿ, ಬಾಗಿಲಿಗೆ ಬೀಗ ಜಡಿದು ಅವರು ಗಾಡಿ ಹತ್ತಿಯೇ ಬಿಡುತ್ತಾರೆ. ನಾನೂ ಹಿಂದೆ ಓಡುತ್ತೇನೆ.

ದಾರಿಯಲ್ಲಿ ತಮ್ಮ ಕಥೆ ಹೇಳುತ್ತಾರೆ. ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದಾಗ ಮಾವ ಕೈಗೆ ಚಾಕು ಕೊಟ್ಟರಂತೆ. ಎಂಟು ವಾರದ ಬೇಟೆಗಾಲದಲ್ಲಿ ನಾನೂರು ಪ್ರಾಣಿ, ದಿನಕ್ಕೆ ಹದಿನಾಲ್ಕು ತಾಸು. ಶೀತಲ ಕೋಣೆಯ ಚಳಿಗೆ ಎರಡು ಬೆರಳು ಈಗ ಸ್ಪರ್ಶವನ್ನೇ ಕಳೆದುಕೊಂಡಿವೆ.

"ಮೊದಮೊದಲು ಗಂಡಸ್ರು ನಗ್ತಿದ್ರು. 'ಮಾಂಸ ಕೊಯ್ಯೋಳು ಕೋವಿ ಪಾಠ ಹೇಳ್ತಾಳೆ' ಅಂತ. ನಾನಂದೆ, ನೀವು ಗುಂಡು ಹೊರಡೋದನ್ನ ನೋಡ್ತೀರಿ, ಅದು ತಲುಪಿದ ಜಾಗ ನೋಡೋಳು ನಾನು."

ಈಗ ಅದೇ ಗಂಡಸರು ಆಗಸ್ಟಿನಲ್ಲೇ ತೋಟಾ ಪೆಟ್ಟಿಗೆ ಹಿಡಿದು, ಯಾವ ಗುಂಡು ಸರಿ ಎಂದು ಕೇಳಲು ಅವರ ಬಾಗಿಲಿಗೆ ಬರುತ್ತಾರೆ.

ಕೋಲ್ಬಿಯ ಗುಂಡು ಎಲ್ಕ್‌ಗೆ ತಗುಲಿದ ಜಾಗದಿಂದ ಹೊರಟ ರಕ್ತದ ಹನಿ ಇನ್ನೂರು ಹೆಜ್ಜೆಗೆ ನಿಂತುಹೋಗಿದೆ. ಅವನು ಗುಡ್ಡದ ಮೇಲ್ಗಡೆ ಹುಡುಕಿದ್ದನಂತೆ. ವರ್ನಾ ತಲೆ ಅಲ್ಲಾಡಿಸಿ ಕೆಳಗಿನ ತೊರೆಯತ್ತ ತಿರುಗುತ್ತಾರೆ. "ಒಳಗೆ ಉರೀತಿರೋ ಪ್ರಾಣಿ ಗುಡ್ಡ ಹತ್ತಲ್ಲಪ್ಪಾ, ನೀರಿಗೆ ಇಳಿಯುತ್ತೆ."

ಇಳಿಜಾರಿನ ಹಿಮದಲ್ಲಿ ಅಂಗೈಗಿಂತ ಅಗಲದ ಹೆಜ್ಜೆಗುರುತು. ಕರಡಿಯದು, ಹೊಸದು. ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ವರ್ನಾ ಮಾತ್ರ ಗಂಟಲು ಹರಿಯುವಂತೆ ಕೂಗುತ್ತಾರೆ: "ಓಯ್, ನಾವು ಬರ್ತಿದ್ದೀವಿ! ದಾರಿ ಬಿಡಪ್ಪಾ ದೊರೆ!" ಪೊದೆ ಸರಸರ ಅಲುಗಿ ತಣ್ಣಗಾಗುತ್ತದೆ. ತೊರೆಯ ಬದಿಯಲ್ಲಿ ಕಾಗೆಗಳು ಗದ್ದಲವೆಬ್ಬಿಸಿವೆ. ಅವುಗಳ ಕೆಳಗೆ, ಆರು ಕವಲಿನ ಕೊಂಬು!

ಕೋಲ್ಬಿ ಓಡಿಹೋಗಿ ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಬಿಕ್ಕುತ್ತಾನೆ. ವರ್ನಾ ಹೊಟ್ಟೆ ಸೀಳಿ ತೋರಿಸುತ್ತಾರೆ. ಪಿತ್ತಜನಕಾಂಗದಲ್ಲಿ ಪೆನ್ಸಿಲ್ ಗಾತ್ರದ ತೂತು. ಆಚೆ ಬದಿಯ ಚರ್ಮದಡಿ ಸಿಕ್ಕ ತಾಮ್ರದ ಗುಂಡು ಅರಳಿಯೇ ಇಲ್ಲ.

"ನಿನ್ನ ಆರೂವರೆ ಮಿಲಿಮೀಟರಿನ ತೋಟಾ ಕೆಟ್ಟದ್ದಲ್ಲ. ಆದ್ರೆ ಈ ಗಟ್ಟಿ ಗುಂಡು ಅರಳೋಕೆ ವೇಗ ಬೇಕು, ಅಷ್ಟು ದೂರ ಹೋಗೋದ್ರಲ್ಲಿ ಅದಕ್ಕೆ ಸುಸ್ತಾಗಿರುತ್ತೆ. ಮುನ್ನೂರು ಗಜದೊಳಗೆ ಹೋಗು. ಮುಂಗಾಲಿನ ಗೆರೆ ಹಿಡಿದು ಮೇಲೆ ಬಾ, ಮೈಯೆತ್ತರದ ಮೂರನೇ ಒಂದು ಭಾಗಕ್ಕೆ ನಿಲ್ಲು, ಅಲ್ಲಿ ಹೊಡಿ. ದೂರನೇ ಬೇಕು ಅಂದ್ರೆ ಭಾರದ ಗುಂಡಿನ 'ಮುನ್ನೂರರ ಮ್ಯಾಗ್ನಮ್' ಅನ್ನೋ ದೊಡ್ಡ ಕೋವಿ ತಗೋ, ಇಡೀ ಬೇಸಿಗೆ ಗಾಳಿಯಲ್ಲಿ ಅಭ್ಯಾಸ ಮಾಡು."

"ಕೋವಿ ಮುಟ್ಟಲ್ಲ ಅಂದಿದ್ನಲ್ಲ ಆಂಟಿ..."

"ಮುಟ್ತೀಯ. ಒಂದು ರಾತ್ರಿ ನಿದ್ದೆಗೆಟ್ಟವನೇ ನಾಳೆ ನೋಡಿ ಹೊಡೆಯೋನು. ಕಾಲು ಹಿಡ್ಕೋ, ಚರ್ಮ ಸುಲಿಯೋಣ."

ಎರಡು ತೊಡೆ, ಎರಡು ಹೆಗಲುಗಳ ಮಾಂಸ ಹೊತ್ತು ಗಾಡಿ ತಲುಪುವಷ್ಟರಲ್ಲಿ ಮಧ್ಯಾಹ್ನ. ಸೊಂಟ ಹಿಡಿದು ನಿಂತು ಉಸಿರು ಬಿಡುವ ವರ್ನಾರನ್ನು ಕೇಳುತ್ತೇನೆ, ಇನ್ನೇನು ಆಸೆ ಉಳಿದಿದೆ?

"ಒಂದೇ ಒಂದು ವರ್ಷ, ನನ್ನ ಮೇಜಿಗೆ ಬರೋ ನಾನೂರಕ್ಕೂ ಒಂದೊಂದೇ ಗುಂಡಿನ ಗಾಯ ಇರ್ಲಿ," ಎನ್ನುತ್ತಾರೆ, ರಕ್ತದ ಕೈ ಹಿಮಕ್ಕೆ ಉಜ್ಜುತ್ತ. "ಆ ವರ್ಷ ಗುಂಡಿನ ದಾರಿ ಹುಡುಕೋ ಕೆಲಸ ಇಲ್ದೆ ನನಗೆ ಬೇಜಾರಾದ್ರೂ ಪರವಾಗಿಲ್ಲ."